ಉಂಗ್ರದ ಒಲೆಯಿಂದ ಪ್ರಯೋಗಾಲಯದವರೆಗೆ: ಒಂದು ಅಳತೆಯ ಚರಿತ್ರೆ

ಕುಣಿಗಲ್ ಎಂದೊಡನೆ ನಿಮಗೆ ನೆನಪಾಗುವುದು ದೊಡ್ಡಕೆರೆ, ಇಲ್ಲವೇ ಟಿಪ್ಪು ಸುಲ್ತಾನರ ಹೆಸರಿನೊಂದಿಗೆ ಸೇರಿಕೊಂಡಿರುವ ಕುದುರೆ ಫಾರಂ. ಆದರೆ ಅದೇ ತಾಲ್ಲೂಕಿನ ಉಂಗ್ರ ಮತ್ತು ಪುರ ಎಂಬ ಹಳ್ಳಿಗಳ ಹೆಸರು ಹೊರದೇಶದ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗಿದೆ ಎಂಬುದು ನಮ್ಮ ಜಿಲ್ಲೆಯವರಲ್ಲೇ ಎಷ್ಟು ಜನಕ್ಕೆ ಗೊತ್ತು? ಆ ಕಥೆಯನ್ನು ಹೇಳಿ, ಅದರ ಬೆನ್ನಿಗೇ ಏಳುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಹಿರಿಯರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕರೆಯುತ್ತಿದ್ದ ಸಂಸ್ಥೆಯಲ್ಲಿ, ಅಮೂಲ್ಯ ರೆಡ್ಡಿ ಎಂಬ ಪ್ರಾಧ್ಯಾಪಕರಿದ್ದರು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಅವರದು ದೊಡ್ಡ ಹೆಸರು. ಬೊಕ್ರಿಸ್ ಅವರೊಂದಿಗೆ ಸೇರಿ ಬರೆದ ಅವರ ಪಠ್ಯಪುಸ್ತಕ 1970ರಲ್ಲಿ ಪ್ರಕಟವಾಗಿ ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳನ್ನು ತಲುಪಿತು. ಅಷ್ಟಾದ ಮೇಲೆ ಅವರು ಹೊರಳಿದ್ದು ಹಳ್ಳಿಯ ಒಲೆಯ ಕಡೆಗೆ! 1974ರಲ್ಲಿ ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಒಯ್ಯಲು ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಅದರ ವಿಸ್ತರಣಾ ಕೇಂದ್ರ ಉಂಗ್ರದಲ್ಲಿ ನೆಲೆಗೊಂಡಿತು.

ಈ ತಂಡ ಮೊದಲು ಉಪದೇಶ ಮಾಡಲಿಲ್ಲ, ಅಳತೆ ಮಾಡಿತು. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎಷ್ಟು ಸೌದೆ ಉರಿಯುತ್ತದೆ, ಎಷ್ಟು ಸೀಮೆಎಣ್ಣೆ ಸಾಲುತ್ತದೆ, ಎತ್ತು ಎಷ್ಟು ಹೊತ್ತು ದುಡಿಯುತ್ತದೆ, ಮನುಷ್ಯರ ಬೆವರಿನ ಪಾಲೆಷ್ಟು ಎಂದು ಲೆಕ್ಕ ಹಾಕಿದರು. ಆಗ ಪುರದಲ್ಲಿ 56 ಮನೆಗಳು, 357 ಜನ. ಊರು ಬಳಸುವ ಒಟ್ಟು ಶಕ್ತಿಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಸೌದೆಯದೇ ಎಂದು ತಿಳಿದುಬಂತು. ವಿದ್ಯುತ್ತಿನ ಪಾಲು ತೀರಾ ಅಲ್ಪ. ಸೌದೆ ಆಯಲು ಮೈಲಿಗಟ್ಟಲೆ ನಡೆಯುತ್ತಿದ್ದವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಗುಬ್ಬಿಯ ಕಡೆ ಹಂಡೆ ಒಲೆಗೆ ತೆಂಗಿನ ಗರಿ, ಮಟ್ಟೆ ಒಟ್ಟಿಕೊಂಡು ಬೆಳೆದ ನಮ್ಮಂಥವರಿಗೆ ಇದರಲ್ಲಿ ಹೊಸತೇನೂ ಕಾಣದಿರಬಹುದು. ಆದರೆ ಗೊತ್ತಿರುವುದು ಬೇರೆ, ಅಂಕಿಯಲ್ಲಿ ಬರೆದಿಡುವುದು ಬೇರೆ.

ಅಂಕಿ ಕೈಗೆ ಬಂದ ಮೇಲೆ ಕೆಲಸ ಶುರುವಾಯಿತು. ಕಡಿಮೆ ಸೌದೆಯಲ್ಲಿ ಮೂರು ಪಾತ್ರೆ ಬೇಯಿಸುವ, ಹೊಗೆಯನ್ನು ಕೊಳವೆಯಲ್ಲಿ ಹೊರಹಾಕುವ ‘ಅಸ್ತ್ರ ಒಲೆ’ ರೂಪುಗೊಂಡು ರಾಜ್ಯದ ಹಳ್ಳಿಗಳಿಗೆ ಹಬ್ಬಿತು. 1987ರಿಂದ ಪುರದಲ್ಲಿ ಸಗಣಿ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪ, ಬೀದಿಗೆ ಕೊಳಾಯಿ ನೀರು ಕೊಟ್ಟರು. ಸಗಣಿ ಹೊತ್ತು ತಂದವರಿಗೆ ಕಿಲೋಗೆ ಎರಡು ಪೈಸೆ ಕೂಲಿ. ಅನಿಲ ತೆಗೆದ ಮೇಲಿನ ಗೊಬ್ಬರ ಮರಳಿ ಅವರಿಗೇ. 1988ರಲ್ಲಿ ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯನ್ನು ಅನಿಲವಾಗಿಸಿ ವಿದ್ಯುತ್ ತೆಗೆಯುವ ಘಟಕ ಬಂತು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಪುರದ ಹೆಣ್ಣುಮಕ್ಕಳ ಸೌದೆ ಹೊರೆಯನ್ನು ತೂಗಿದ ವಿಶ್ವವಿದ್ಯಾಲಯಗಳು ತಮ್ಮ ಪ್ರಯೋಗಾಲಯಗಳ ಹೊರೆಯನ್ನು ಯಾವಾಗ ತೂಗಿದವು? ಬಹಳ ತಡವಾಗಿ ಎಂದೇ ಹೇಳಬೇಕು. ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಗುವ ಹೊತ್ತಿಗೆ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಬಂದು ನಾಲ್ಕು ವರ್ಷವಾಗಿತ್ತು. ಅಂದಿನ ದೀಪ ಉರಿದದ್ದು ಕಾವೇರಿಯ ನೀರಿನಿಂದ, ಹೊಗೆಯ ಮಾತೇ ಇರಲಿಲ್ಲ. ಇಂದು ದೇಶದ ವಿದ್ಯುತ್ ಬಹುಪಾಲು ಕಲ್ಲಿದ್ದಲಿನದು. ಸರಾಸರಿ ನೋಡಿದರೆ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಒಂದು ಉದಾಹರಣೆ ನೋಡಿ. ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿ ಮಾದರಿಗಳನ್ನು ಸೊನ್ನೆಗಿಂತ 80 ಡಿಗ್ರಿ ಕೆಳಗೆ ಇಡುವ ಫ್ರೀಜರುಗಳಿವೆ. ಹಳೆಯದೊಂದು ಫ್ರೀಜರು ದಿನಕ್ಕೆ 20 ಯೂನಿಟ್ ತಿನ್ನುತ್ತದೆ ಎನ್ನೋಣ. ವರ್ಷಕ್ಕೆ 7300 ಯೂನಿಟ್, ಅಂದರೆ ಐದು ಟನ್ ಇಂಗಾಲ ಅನಿಲ. ಭಾರತದಲ್ಲಿ ತಲೆಗೆ ಬೀಳುವ ಲೆಕ್ಕ ವರ್ಷಕ್ಕೆ ಸುಮಾರು ಎರಡು ಟನ್. ಒಂದು ಫ್ರೀಜರು ಎರಡು ಮೂರು ಜನರ ಪಾಲನ್ನು ಮೂಲೆಯಲ್ಲಿ ನಿಂತೇ ಮುಗಿಸುತ್ತದೆ! ಅದನ್ನು 80ರ ಬದಲು 70 ಡಿಗ್ರಿಗೆ ನಿಲ್ಲಿಸಿದರೂ ವಿದ್ಯುತ್ತಿನಲ್ಲಿ ಗಣನೀಯ ಉಳಿತಾಯವಾಗುತ್ತದೆಂದು ಅನೇಕ ಸಂಸ್ಥೆಗಳು ಕಂಡುಕೊಂಡಿವೆ.

ಇಂಥ ಲೆಕ್ಕಕ್ಕೆ ಒಂದು ಒಪ್ಪಿತ ಕ್ರಮ ಬಂದದ್ದು 2001ರಲ್ಲಿ. ಸಂಸ್ಥೆಯ ಆವರಣದಲ್ಲೇ ಉರಿಯುವ ಅನಿಲ, ಡೀಸೆಲ್ ಒಂದು ಬಗೆ. ಕೊಂಡ ವಿದ್ಯುತ್ ಇನ್ನೊಂದು. ರಾಸಾಯನಿಕ, ಗಾಜು, ಪ್ಲಾಸ್ಟಿಕ್, ಉಪಕರಣಗಳ ತಯಾರಿಕೆ ಮತ್ತು ವಿಮಾನ ಪ್ರಯಾಣ ಮೂರನೆಯದು. ಈ ಮೂರನೆಯದೇ ಕಷ್ಟದ್ದು, ಏಕೆಂದರೆ ಅದಕ್ಕೆ ಮೀಟರ್ ಇಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಖಗೋಳ ಸಂಸ್ಥೆ ತನ್ನ 2018ನೇ ಸಾಲಿನ ಲೆಕ್ಕ ತೆಗೆದಾಗ ಒಬ್ಬ ಸಂಶೋಧಕನಿಗೆ ಸುಮಾರು 18 ಟನ್ ಬಂತು. ಅದರಲ್ಲಿ ಅರ್ಧದ ಹತ್ತಿರ ವಿಮಾನ ಪ್ರಯಾಣದ್ದು. ನಕ್ಷತ್ರ ನೋಡುವವರು ಮುಚ್ಚಿಡದೆ ಅದನ್ನು ಪ್ರಕಟಿಸಿದರು. ಫ್ರಾನ್ಸಿನಲ್ಲಿ 2019ರಿಂದ ಸಂಶೋಧಕರೇ ಒಂದುಗೂಡಿ, ಪ್ರತಿಯೊಂದು ಪ್ರಯೋಗಾಲಯವೂ ತನ್ನ ಲೆಕ್ಕವನ್ನು ತಾನೇ ಮಾಡಿಕೊಳ್ಳಬಲ್ಲ ಉಚಿತ ಸಾಧನವೊಂದನ್ನು ತಯಾರಿಸಿದ್ದಾರೆ. ನೂರಾರು ಪ್ರಯೋಗಾಲಯಗಳು ಅದನ್ನು ಬಳಸಿವೆ.

ಅಳತೆಯ ವಿಷಯ ನಮಗೆ ಹೊಸದಲ್ಲ. ಅಲ್ ಖಾಜಿನಿ ಎಂಬ ವಿದ್ವಾಂಸರು 1121ರಲ್ಲಿ ಮರ್ವ್ ನಗರದಲ್ಲಿ ತಕ್ಕಡಿಯ ಮೇಲೆಯೇ ‘ಮೀಜಾನುಲ್ ಹಿಕ್ಮಾ’ ಎಂಬ ಗ್ರಂಥ ಬರೆದರು. ಪವಿತ್ರ ಕುರ್‌ಆನಿನ ಮುತಫ್ಫಿಫೀನ್ ಅಧ್ಯಾಯವು ಇತರರಿಂದ ಪಡೆಯುವಾಗ ತುಂಬಾ ಅಳೆದು, ತಾನು ಕೊಡುವಾಗ ಕಡಿಮೆ ತೂಗುವವರನ್ನು ಖಂಡಿಸುತ್ತದೆ. ಬಡವರ ಒಲೆಯನ್ನು ಪೂರ್ತಿ ಅಳೆದು, ತಮ್ಮ ಪ್ರಯೋಗಾಲಯವನ್ನು ಅಳೆಯದೆ ಬಿಡುವುದೂ ನನಗೆ ಇದೇ ಸಾಲಿನದಾಗಿ ಕಾಣುತ್ತದೆ.

ಹಾಗೆಂದು ಸಂಶೋಧನೆ ನಿಲ್ಲಲಿ ಎಂಬುದು ನನ್ನ ವಾದವಲ್ಲ. ಲಸಿಕೆ, ಔಷಧ, ಬಿತ್ತನೆ ಬೀಜ ಎಲ್ಲವೂ ಅಲ್ಲಿಂದಲೇ ಬರಬೇಕು. ಸೌರಫಲಕವೂ ಒಂದು ದಿನ ಪ್ರಯೋಗಾಲಯದ ಮೇಜಿನ ಮೇಲಿತ್ತು. ಇಂದು ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಆದರೆ ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಆರಂಭವಾದ ಮೇಲೆ ನಮ್ಮ ಹೆಣ್ಣುಮಕ್ಕಳೂ ಎಂ.ಎಸ್ಸಿ.ಗೆ ಸೇರುತ್ತಿದ್ದಾರೆ. ಅವರ ಪ್ರಾಜೆಕ್ಟಿಗೆ ವಿಷಯ ಹುಡುಕಲು ದೂರ ಹೋಗಬೇಕಿಲ್ಲ. ವಿಭಾಗದ ಒಂದು ವರ್ಷದ ಕರೆಂಟ್ ಬಿಲ್ಲುಗಳನ್ನು ಕೇಳಿ ಪಡೆಯಲಿ, ಯೂನಿಟ್ಟನ್ನು 0.7ರಿಂದ ಗುಣಿಸಲಿ. ಬರ್ನರಿಗೆ ಬಳಸುವ 14.2 ಕಿಲೋ ಗ್ಯಾಸ್ ಸಿಲಿಂಡರು ಒಂದಕ್ಕೆ ಸುಮಾರು 42 ಕಿಲೋ ಸೇರಿಸಲಿ. ಜನರೇಟರಿನ ಡೀಸೆಲ್ ಲೆಕ್ಕ ಕಚೇರಿಯ ರಿಜಿಸ್ಟರಿನಲ್ಲಿ ಸಿಕ್ಕೀತು. ಬಂದ ಮೊತ್ತವನ್ನು ಪ್ರಯೋಗಾಲಯದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಮರುವರ್ಷದವರು ಅದರ ಕೆಳಗೆ ತಮ್ಮದನ್ನು ಬರೆಯಲಿ.