ಗೇಣಿ ಅಳಿದ ಮೇಲೆ: ಪೇಟೆಯೂ ಆಸರೆಯೂ

1991ರಲ್ಲಿ ಕೇಂದ್ರ ಸರಕಾರವು ಹೊಸ ಆರ್ಥಿಕ ನೀತಿಯನ್ನು ಘೋಷಿಸಿದಂದಿನಿಂದ, ಪೇಟೆಯನ್ನು ಅದರ ಪಾಡಿಗೆ ಬಿಡಬೇಕೇ, ದುರ್ಬಲರ ರಕ್ಷಣೆಗೆ ಸರಕಾರವು ಕೈಹಾಕಬೇಕೇ ಎಂಬ ಚರ್ಚೆ ನಿಂತಿಲ್ಲ. ದಿಲ್ಲಿಯ ಪಂಡಿತರ ವಾದಗಳಿಗೆ ಕಿವಿಗೊಡುವ ಮುನ್ನ ನಮ್ಮ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಸೀಮೆಯ ಕಳೆದ ಐವತ್ತು ವರ್ಷಗಳ ಅನುಭವವನ್ನು ಶ್ರಾವಕ ಬಂಧುಗಳು ಅವಲೋಕಿಸುವುದು ಉಚಿತವೆಂದು ತೋರುತ್ತದೆ.

ಈ ಸೀಮೆಯ ಸಂಪತ್ತು ಬಹುಕಾಲ ಎರಡು ಕಾಲುಗಳ ಮೇಲೆ ನಿಂತಿತ್ತು: ವ್ಯಾಪಾರ ಮತ್ತು ಗೇಣಿ. 1430ರಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಟ್ಟಿಸುವಷ್ಟು ಸಿರಿ ಈ ಊರಿಗೆ ಬಂದುದರಲ್ಲಿ ವರ್ತಕರ ಪಾಲು ಸಣ್ಣದಲ್ಲ. ಆದರೆ ಬಸದಿಗಳ ನಿತ್ಯಪೂಜೆ ನಡೆಯುತ್ತಿದ್ದುದು ಒಕ್ಕಲುಗಳು ಅಳೆಯುತ್ತಿದ್ದ ಮುಡಿ ಅಕ್ಕಿಯಿಂದ. ಮೂಲಗೇಣಿಯ ಒಕ್ಕಲಿಗೆ ಭೂಮಿಯ ಮೇಲೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನು ಮಾತ್ರ ಧಣಿಯ ಇಚ್ಛೆಗೆ ಒಳಪಟ್ಟವನು. ಬೇರೊಬ್ಬನು ಹೆಚ್ಚು ಗೇಣಿ ಕೊಡುವೆನೆಂದು ಮುಂದೆ ಬಂದರೆ ಅವನು ಗದ್ದೆ ಬಿಡಬೇಕಾಗಿತ್ತು. ಇದೂ ಒಂದು ಬಗೆಯ ಮುಕ್ತ ಪೇಟೆಯೇ ಎಂಬುದನ್ನು ನಾವು ಮರೆಯಲಾಗದು.

ದೇವರಾಜ ಅರಸರ ಸರಕಾರ ತಂದ ತಿದ್ದುಪಡಿಯಿಂದ ಗೇಣಿಗೆ ಕೊಟ್ಟಿದ್ದ ಭೂಮಿಯು 1974ರ ಮಾರ್ಚ್ 1ರಂದು ಸರಕಾರಕ್ಕೆ ಸೇರಿತು. ಭೂನ್ಯಾಯ ಮಂಡಳಿಗಳ ಮುಂದೆ ಅರ್ಜಿ ಸಲ್ಲಿಸಿದ ಒಕ್ಕಲುಗಳಿಗೆ ಅಧಿಭೋಗದ ಹಕ್ಕು ದೊರೆಯಿತು. ಗೇಣಿಯ ಪ್ರಮಾಣ ಅತಿ ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ನಮ್ಮದೂ ಒಂದಾದುದರಿಂದ ಇಲ್ಲಿ ಅದರ ಪರಿಣಾಮ ಆಳವಾಯಿತು. ಬೀಡುಗಳ ಅಂಗಳ ಬರಿದಾಯಿತು. ಬಸದಿ, ದೇವಸ್ಥಾನಗಳಿಗೆ ಭೂಮಿಯ ಬದಲಿಗೆ ತಸ್ತೀಕು ಬಂದಿತು. ಅಕ್ಕಿಯ ಬೆಲೆ ಏರಿದಂತೆ ಏರದ ಆ ಹಣದಿಂದ ದೀಪದ ಎಣ್ಣೆಯನ್ನೂ ಸರಿದೂಗಿಸುವುದು ಎಷ್ಟು ಕಷ್ಟವೆಂಬುದನ್ನು ಆಡಳಿತ ಮೊಕ್ತೇಸರರಿಗೆ ಬೇರೆ ಹೇಳಬೇಕಾಗಿಲ್ಲ. ಎಕರೆ, ಎರಡೆಕರೆಯ ಗೇಣಿಯಿಂದಲೇ ಜೀವಿಸುತ್ತಿದ್ದ ವಿಧವೆಯರೂ ದೊಡ್ಡ ಜಮೀನುದಾರರೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟರು. ಈ ನೋವು ನಿಜವಾದುದು. ಆದರೂ ಪರಿಗ್ರಹ ಪರಿಮಾಣವನ್ನು ಅಣುವ್ರತವಾಗಿ ಬೋಧಿಸುವ ಸಮಾಜದಲ್ಲಿ ನಾವೇ ಹಾಕಿಕೊಳ್ಳಬೇಕಾಗಿದ್ದ ಮಿತಿಯನ್ನು ಕಾನೂನು ಹಾಕಿತೆಂಬ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಹಕ್ಕುಪತ್ರವೇನೋ ಬಂದಿತು. ಆದರೆ ಬೀಜಕ್ಕೆ, ಎತ್ತಿಗೆ, ಮಗಳ ಮದುವೆಗೆ ಮುಂಗಡ ಕೊಡುತ್ತಿದ್ದ ಧಣಿಯು ಇಲ್ಲವಾದನು. ಬ್ಯಾಂಕಿನ ಮೆಟ್ಟಿಲು ಸಣ್ಣ ಒಡೆಯನಿಗೆ ಎತ್ತರವಾಗಿತ್ತು. ಈ ತೆರವನ್ನು ತುಂಬಲು ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯನ್ನು ಆರಂಭಿಸಿದರು. ಮೊದಲಿನ ವರ್ಷಗಳಲ್ಲಿ ನೆರವು ದಾನದ ರೂಪದಲ್ಲಿತ್ತು. 1990ರ ದಶಕದ ಆರಂಭದಲ್ಲಿ ‘ಪ್ರಗತಿಬಂಧು’ ತಂಡಗಳು ಹುಟ್ಟಿದ ಮೇಲೆ ಅದರ ಸ್ವರೂಪ ಬದಲಾಯಿತು. ಐದರಿಂದ ಎಂಟು ಮಂದಿ ಸಣ್ಣ ಕೃಷಿಕರು ಒಂದು ತಂಡವಾಗಿ, ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಕೂಲಿಯಿಲ್ಲದೆ ದುಡಿಯುವರು. ವಾರವಾರ ಉಳಿತಾಯ ಮಾಡುವರು. ಆ ನಂಬಿಕೆಯ ಆಧಾರದ ಮೇಲೆ ಸಾಲ ಪಡೆಯುವರು. ಬಾವಿ ತೋಡುವುದು, ಅಡಿಕೆ ಗುಂಡಿ ತೆಗೆಯುವುದು ಮುಂತಾದ ಕೆಲಸಗಳು ಕೈಗೆ ಹಣವಿಲ್ಲದಿದ್ದರೂ ಸಾಗಿದುವು. ದಾನ ಪಡೆಯುವವನು ಲೆಕ್ಕ ಇಡುವವನಾದನು. ವಾರದ ಕಂತು ಹಾಲು ಮಾರುವವನಿಗೂ ಬೀಡಿ ಕಟ್ಟುವವಳಿಗೂ ಒಗ್ಗುತ್ತದೆ, ವರ್ಷಕ್ಕೊಮ್ಮೆ ಬೆಳೆ ಕಾಣುವವನಿಗೆ ಭಾರವಾಗುತ್ತದೆ ಎಂಬುದು ವ್ಯಾಪಾರಿಯಾಗಿ ನನಗಿರುವ ಒಂದು ಸಂದೇಹ. ಅದೇ 1982ರಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದೊಂದಿಗೆ ಉಜಿರೆಯಲ್ಲಿ ಸ್ಥಾಪಿತವಾದ ‘ರುಡ್‌ಸೆಟ್’ ಸಂಸ್ಥೆಯು ನಿರುದ್ಯೋಗಿ ಯುವಕರಿಗೆ ಉಚಿತ ಊಟ, ವಸತಿಯೊಂದಿಗೆ ಸ್ವಉದ್ಯೋಗದ ತರಬೇತಿ ನೀಡತೊಡಗಿತು. ಈ ಮಾದರಿಯನ್ನು ಮುಂದೆ ಕೇಂದ್ರ ಸರಕಾರವೇ ದೇಶದಾದ್ಯಂತ ಅಳವಡಿಸಿಕೊಂಡಿತು.

ಬೆಲೆಯ ಮಾತಿಗೆ ಬರುವುದಾದರೆ, ಕ್ಯಾಂಪ್ಕೊ ನಮ್ಮ ಕಣ್ಣಮುಂದಿನ ಉದಾಹರಣೆ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದಾಗ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಈ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಅದು ಮಂಡಿಗಳನ್ನು ಮುಚ್ಚಿಸಲಿಲ್ಲ. ಖಾಸಗಿ ವರ್ತಕರ ಪಕ್ಕದಲ್ಲೇ ಕುಳಿತು ಕೊಳ್ಳತೊಡಗಿತು. ತನ್ನ ಧಾರಣೆಯನ್ನು ಬಹಿರಂಗವಾಗಿ ಸಾರಿದುದರಿಂದ ಬೆಳೆಗಾರನು ಬೇರೆಡೆಗೆ ಮಾರಿದರೂ ಆ ಬೆಲೆಯನ್ನು ಮುಂದಿಟ್ಟು ಚೌಕಾಸಿ ಮಾಡುವಂತಾಯಿತು. ಕೊಕ್ಕೋ ಬೆಳೆದವರು ಕೊಳ್ಳುವವರಿಲ್ಲದೆ ಕಂಗಾಲಾದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಇದರಿಂದ ವ್ಯಾಪಾರಕ್ಕೆ ಧಕ್ಕೆಯಾಯಿತೆಂದು ಗೊಣಗಿದ ವರ್ತಕರುಂಟು. ಧಕ್ಕೆಯಾದುದು ಕಳ್ಳ ತೂಕಕ್ಕೆ, ಮುಚ್ಚಿಟ್ಟ ಧಾರಣೆಗೆ. ಸುಳ್ಳು ಅಳತೆ ಮತ್ತು ಕಲಬೆರಕೆಗಳನ್ನು ಅಸ್ತೇಯ ವ್ರತದ ಅತಿಚಾರಗಳೆಂದು ಎಣಿಸಿದ ನಮ್ಮ ಆಚಾರ್ಯರು ನ್ಯಾಯವಾದ ಲಾಭವನ್ನು ಎಲ್ಲಿಯೂ ನಿಷೇಧಿಸಿಲ್ಲ.

2020ರಲ್ಲಿ ರಾಜ್ಯ ಸರಕಾರವು ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಲು ಅವಕಾಶ ನೀಡಿತು. ಅಂದು ಒಕ್ಕಲುಗಳಿಗೆ ದಕ್ಕಿದ ಎಕರೆ, ಎರಡೆಕರೆಗೆ ಇಂದು ಬೆಂಗಳೂರಿನ ಹಣವೂ ಬೆಲೆ ಕಟ್ಟಬಹುದು. ಒಳ್ಳೆಯ ಬೆಲೆಗೆ ಮನಸಾರೆ ಮಾರುವವನನ್ನು ತಡೆಯಲು ನಮಗೇನು ಅಧಿಕಾರ? ಆದರೆ ರೋಗಕ್ಕೆ, ಸಾಲಕ್ಕೆ ಸಿಲುಕಿ ಮಾರುವವನೂ ಅದೇ ನೋಂದಣಿ ಕಚೇರಿಯ ಸಾಲಿನಲ್ಲಿ ನಿಂತಿರುತ್ತಾನೆ. ಕೊಳ್ಳುವವರ ಸಾಲಿನಲ್ಲಿ ನಮ್ಮ ಮನೆಗಳವರೂ ಇರುತ್ತಾರೆ.