ವೈಫೈ ಕಡ್ಡಿ ಪೂರ್ತಿ ಇದ್ದರೂ ಮಾತು ತಡವಾಗಿ ಕೇಳುವುದು ಯಾಕೆ?

ರೌಟರ್ ಹಿಂದೆ ಅಲ್ಯೂಮಿನಿಯಂ ಹಾಳೆ ಇಡಿ, ನೆಟ್ ಓಡುತ್ತದೆ. ಡಿಎನ್‌ಎಸ್ ಬದಲಿಸಿ, ಕರೆ ತಡವರಿಸುವುದಿಲ್ಲ. ಈ ಬೂಸ್ಟರ್ ಆ್ಯಪ್ ಹಾಕಿಕೊಳ್ಳಿ, ಹತ್ತು ಜನರಿಗೆ ಕಳಿಸಿ. ಇಂಥ ಸಲಹೆಗಳು ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು.

ಬಬಲೇಶ್ವರದ ಓದುಗರೊಬ್ಬರು ಇಂಥ ಮೂರು ಸಂದೇಶಗಳನ್ನು ನಮಗೆ ಕಳಿಸಿ, "ಇದರಾಗ ಖರೇ ಯಾವುದ್ರೀ?" ಎಂದು ಕೇಳಿದರು. ಅವರ ಮಗಳಿಗೆ ಮರುವಾರ ಆನ್‌ಲೈನ್‌ನಲ್ಲಿ ಕೆಲಸದ ಸಂದರ್ಶನವಿತ್ತು. ಗೆಳತಿಯೊಂದಿಗೆ ವಿಡಿಯೋ ಕರೆಯಲ್ಲಿ ತಾಲೀಮು ಮಾಡುವಾಗ ಇವಳು ಹೇಳಿದ ಉತ್ತರ ಅಲ್ಲಿಗೆ ತಡವಾಗಿ ಮುಟ್ಟುತ್ತಿತ್ತು, ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ವೈಫೈ ಕಡ್ಡಿ ಪೂರ್ತಿ ಇತ್ತು. ಸ್ಪೀಡ್ ಟೆಸ್ಟ್ ಕೂಡ ಒಳ್ಳೆಯ ಅಂಕಿಯನ್ನೇ ತೋರಿಸುತ್ತಿತ್ತು. "ಹಳ್ಳ್ಯಾಗ ನೆಟ್ ಹಿಂಗs ಬಿಡವಾ" ಎಂದು ಮನೆಯವರು ಕೈಚೆಲ್ಲಿದ್ದರು.

ಫೋನಿನಲ್ಲಿ ಮಾತಾಡುತ್ತಲೇ ನಾವು ಅವರಿಂದ ಕೆಲವು ಪರೀಕ್ಷೆ ಮಾಡಿಸಿದೆವು. ತೊಂದರೆ ಊರಿನದಾಗಿರಲಿಲ್ಲ, ಅವರ ಮನೆಯೊಳಗೇ ಇತ್ತು. ಅದನ್ನು ಕಂಡುಹಿಡಿದ ಬಗೆಯನ್ನು ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇವೆ.

ವೇಗ ಬೇರೆ, ತಡ ಬೇರೆ

ನೆಟ್‌ಗೆ ಎರಡು ಅಳತೆಗಳಿವೆ. ಒಂದು ಸೆಕೆಂಡಿನಲ್ಲಿ ಎಷ್ಟು ಮಾಹಿತಿ ಬರುತ್ತದೆ ಎಂಬುದು ವೇಗ, ಇದನ್ನು ಎಂಬಿಪಿಎಸ್‌ನಲ್ಲಿ ಹೇಳುತ್ತಾರೆ. ನೀವು ಕಳಿಸಿದ ಒಂದು ಸಣ್ಣ ಸಂದೇಶ ಹೋಗಿ, ಅದರ ಉತ್ತರ ಮರಳಲು ಹಿಡಿಯುವ ಸಮಯ ಲೇಟೆನ್ಸಿ, ಅಂದರೆ ತಡ. ಇದನ್ನು ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. ಒಂದು ಸೆಕೆಂಡಿಗೆ 1000 ಮಿಲಿಸೆಕೆಂಡ್.

ವಿಜಯಪುರದ ಗೋಲಗುಮ್ಮಟ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಮೇಲಿನ ಮೊಗಸಾಲೆಯಲ್ಲಿ ನೀವಾಡಿದ ಪಿಸುಮಾತು ಎದುರಿನವರನ್ನು ಮುಟ್ಟಲು ಸುಮಾರು 110 ಮಿಲಿಸೆಕೆಂಡ್ ಬೇಕು. ಮಾತು ಸ್ಪಷ್ಟವಾಗಿಯೇ ಕೇಳುತ್ತದೆ, ಆದರೆ ಸ್ವಲ್ಪ ತಡವಾಗಿ. ನೀವು ಇನ್ನಷ್ಟು ಜೋರಾಗಿ ಕೂಗಿದರೂ ಆ ತಡ ಕಡಿಮೆಯಾಗುವುದಿಲ್ಲ. ಹೆಚ್ಚು ಎಂಬಿಪಿಎಸ್‌ನ ಪ್ಲಾನ್ ಹಾಕಿಸಿದರೂ ಕರೆಯ ತಡ ಹಾಗೇ ಉಳಿಯುವುದು ಇದೇ ಕಾರಣಕ್ಕೆ.

ಸಿನಿಮಾ ನೋಡಲು ವೇಗ ಸಾಕು, ಎರಡು ಸೆಕೆಂಡ್ ತಡವಾಗಿ ಶುರುವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾತುಕತೆಗೆ ತಡ ಕಡಿಮೆ ಇರಬೇಕು. ಧ್ವನಿ ಕರೆ ಚೆನ್ನಾಗಿರಲು ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ಮೀರಬಾರದು ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸಲಹೆ ಮಾಡಿದೆ. ತಡದ ಪರಿಣಾಮ ಕಿವಿಗಷ್ಟೇ ಸೀಮಿತವಲ್ಲ. ಕರೆಯಲ್ಲಿ ಬೇಕೆಂದೇ ತಡ ಸೇರಿಸಿ ನಡೆಸಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಾಗವಹಿಸಿದವರು ಎದುರಿನ ವ್ಯಕ್ತಿಗೇ ಗಮನ ಕಡಿಮೆ ಎಂದು ಭಾವಿಸಿದ್ದರು. ಸಂದರ್ಶನಕ್ಕೆ ಕೂತ ಹುಡುಗಿಗೆ ಇದು ಸಣ್ಣ ವಿಷಯವಲ್ಲ.

ದೂರ ಎಷ್ಟು, ತಡ ಎಷ್ಟು?

ಫೈಬರ್ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬಬಲೇಶ್ವರದಿಂದ 500 ಕಿಲೋಮೀಟರಿಗೂ ದೂರವಿರುವ ಬೆಂಗಳೂರಿಗೆ ಹೋಗಿ ಬರಲು ಬೆಳಕಿಗೆ ಐದಾರು ಮಿಲಿಸೆಕೆಂಡ್ ಸಾಕು. ಕೇಬಲ್ ಸುತ್ತುಬಳಸಿ ಹೋಗಿದ್ದರೂ, ನಡುವಿನ ಯಂತ್ರಗಳು ಸ್ವಲ್ಪ ಸಮಯ ತೆಗೆದುಕೊಂಡರೂ, ಒಳ್ಳೆಯ ಫೈಬರ್ ಸಂಪರ್ಕದಲ್ಲಿ ಇದು ಕೆಲವೇ ಹತ್ತು ಮಿಲಿಸೆಕೆಂಡಿನ ಮಾತು.

ಆ ಮನೆಯಲ್ಲಿ ಪಡಸಾಲೆಯ ರೌಟರಿನಿಂದ ಒಳಕೋಣೆಯ ಲ್ಯಾಪ್‌ಟಾಪ್‌ಗೆ ಇದ್ದ ದೂರ ಇಪ್ಪತ್ತು ಅಡಿ. ಆ ಇಪ್ಪತ್ತು ಅಡಿಯಲ್ಲೇ ಸಂದೇಶ ಹೋಗಿ ಬರಲು ಕೆಲವೊಮ್ಮೆ 200 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಬೆಂಗಳೂರಿಗಿಂತ ಪಡಸಾಲೆಯೇ ದೂರವಾಗಿತ್ತು!

ಮೊದಲ ಪರೀಕ್ಷೆ: ರೌಟರಿಗೆ ಪಿಂಗ್

ತಡ ಅಳೆಯುವ 'ಪಿಂಗ್' ಎಂಬ ಪುಟ್ಟ ಪ್ರೋಗ್ರಾಂ ಅನ್ನು ಅಮೆರಿಕದ ಮೈಕ್ ಮೂಸ್ 1983ರಲ್ಲಿ ಬರೆದರು. ಅದು ಇಂದಿಗೂ ಎಲ್ಲ ಕಂಪ್ಯೂಟರ್‌ಗಳಲ್ಲಿ ಪುಕ್ಕಟೆ ಇದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಹೀಗೆ ಮಾಡಿ:

1. ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ 'ಐಪಿಕಾನ್ಫಿಗ್' ಎಂದು ಬರೆದು ಎಂಟರ್ ಒತ್ತಿ. 'ಡೀಫಾಲ್ಟ್ ಗೇಟ್‌ವೇ' ಎಂಬಲ್ಲಿ ಕಾಣುವ 192.168.1.1ರಂಥ ಅಂಕಿ ನಿಮ್ಮ ರೌಟರಿನ ವಿಳಾಸ.
2. 'ಪಿಂಗ್' ಎಂದು ಬರೆದು, ಜಾಗ ಬಿಟ್ಟು ಆ ವಿಳಾಸ, ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಮತ್ತು 'ಟಿ' ಅಕ್ಷರ ಹಾಕಿ ಎಂಟರ್ ಒತ್ತಿ. ಒಂದೆರಡು ನಿಮಿಷ ನೋಡಿ, ಕಂಟ್ರೋಲ್ ಮತ್ತು 'ಸಿ' ಕೀಲಿ ಒಟ್ಟಿಗೆ ಒತ್ತಿ ನಿಲ್ಲಿಸಿ.
3. ಅದೇ ರೀತಿ ಹೊರಗಿನ 8.8.8.8 ವಿಳಾಸಕ್ಕೂ ಪಿಂಗ್ ಮಾಡಿ.

ಈಗ ಎರಡನ್ನೂ ಹೋಲಿಸಿ. ರೌಟರಿಗೆ 10 ಮಿಲಿಸೆಕೆಂಡಿಗಿಂತ ಕಡಿಮೆ ಬಂದು, ಹೊರಗೆ ಮಾತ್ರ ಹೆಚ್ಚು ಬಂದರೆ ವೈಫೈ ಚೆನ್ನಾಗಿದೆ, ತೊಂದರೆ ರೌಟರಿನಿಂದ ಆಚೆಗಿನ ದಾರಿಯಲ್ಲಿದೆ. ರೌಟರಿಗೇ 50, 120, 200 ಎಂದು ಅಂಕಿ ಜಿಗಿದಾಡಿದರೆ ಅಥವಾ 'ರಿಕ್ವೆಸ್ಟ್ ಟೈಮ್ಡ್ ಔಟ್' ಎಂದು ಬಂದರೆ, ತೊಂದರೆ ನಿಮ್ಮ ಸಾಧನದ ವೈರ್‌ಲೆಸ್ ಅಡಾಪ್ಟರ್ ಮತ್ತು ರೌಟರ್ ನಡುವೆ ಇದೆ. ಅಡಾಪ್ಟರ್ ಎಂದರೆ ಲ್ಯಾಪ್‌ಟಾಪ್ ಅಥವಾ ಮೊಬೈಲಿನ ಒಳಗೆ ರೇಡಿಯೋ ಅಲೆಗಳ ಮೂಲಕ ರೌಟರಿನೊಂದಿಗೆ ಮಾತಾಡುವ ಭಾಗ.

ಮೊಬೈಲ್ ಮಾತ್ರ ಇದ್ದರೆ, ಸ್ಪೀಡ್ ಟೆಸ್ಟ್ ಆ್ಯಪಿನಲ್ಲಿ ಎಂಬಿಪಿಎಸ್ ಬಿಟ್ಟು ಪಿಂಗ್ ಎಂಬ ಅಂಕಿಯನ್ನು ನೋಡಿ. ರೌಟರ್ ಪಕ್ಕ ಒಮ್ಮೆ, ನೀವು ಕೂರುವ ಕೋಣೆಯಲ್ಲಿ ಒಮ್ಮೆ ಅಳೆಯಿರಿ. ಎರಡರ ನಡುವೆ ದೊಡ್ಡ ವ್ಯತ್ಯಾಸವಿದ್ದರೆ ದೋಷ ಮನೆಯೊಳಗಿನದು.

ರೌಟರಿಗೇ ತಡವಾದರೆ ಇಷ್ಟು ನೋಡಿ

ಬ್ಯಾಟರಿ ಉಳಿತಾಯ. ಬ್ಯಾಟರಿ ಉಳಿಸಲು ಅಡಾಪ್ಟರ್ ಆಗಾಗ ತೂಕಡಿಸುತ್ತದೆ. ಅದು ಮಲಗಿದ್ದಾಗ ಬಂದ ಸಂದೇಶಗಳನ್ನು ರೌಟರ್ ಹಿಡಿದಿಟ್ಟುಕೊಂಡು, ಸಾಮಾನ್ಯವಾಗಿ ಸುಮಾರು 100 ಮಿಲಿಸೆಕೆಂಡಿಗೊಮ್ಮೆ 'ನಿನಗೆ ಸಂದೇಶವಿದೆ' ಎಂದು ಸಾರುತ್ತದೆ. ಅಲ್ಲಿಯವರೆಗೂ ಮಾತು ಕಾಯಬೇಕು. ಚಾರ್ಜರ್ ಹಾಕಿದ ಕೂಡಲೇ ಪಿಂಗ್ ಇಳಿದರೆ ಕಾರಣ ಇದೇ ಇರಬಹುದು. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ವೈರ್‌ಲೆಸ್ ಅಡಾಪ್ಟರ್ ಸೆಟ್ಟಿಂಗ್ಸ್ ತೆರೆದು 'ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್' ಆರಿಸಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದು ಕಾಣುವುದಿಲ್ಲ. ಆಗ ಬ್ಯಾಟರಿ ಸೇವರ್ ತೆಗೆದು, ಚಾರ್ಜರ್ ಹಾಕಿಕೊಂಡೇ ಕರೆಗೆ ಕೂರಿ.

ಗೋಡೆ. ನಮ್ಮ ಭಾಗದ ಹಳೆಯ ಮನೆಗಳ ಕಲ್ಲು-ಮಣ್ಣಿನ ಗೋಡೆ ಬೇಸಿಗೆಯಲ್ಲಿ ತಂಪು, ಆದರೆ ವೈಫೈ ಅಲೆಗೆ ದೊಡ್ಡ ಅಡ್ಡಿ. ಕಳಿಸಿದ್ದು ಮುಟ್ಟದಿದ್ದರೆ ಅಡಾಪ್ಟರ್ ಮತ್ತೆ ಮತ್ತೆ ಕಳಿಸುತ್ತದೆ, ಪ್ರತಿ ಸಲವೂ ಸಮಯ ಹೋಗುತ್ತದೆ. ಪರದೆಯ ಕಡ್ಡಿಗಳನ್ನು ಇಲ್ಲಿ ನಂಬಬೇಡಿ. ರೌಟರಿನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನಷ್ಟೇ ಅವು ಹೇಳುತ್ತವೆ. ನಿಮ್ಮ ಪುಟ್ಟ ಸಾಧನದ ದನಿ ರೌಟರಿಗೆ ಕೇಳುತ್ತಿದೆಯೇ ಎಂಬುದು ಅವುಗಳಿಂದ ತಿಳಿಯುವುದಿಲ್ಲ.

ಬ್ಯಾಂಡ್. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಆದರೆ ಅಲ್ಲಿ ಜನಸಂದಣಿ ಹೆಚ್ಚು. ಅಕ್ಕಪಕ್ಕದ ವೈಫೈ, ಬ್ಲೂಟೂತ್ ಇಯರ್‌ಫೋನ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ. ಕಟ್ಟೆಯ ಮೇಲೆ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರುವಂತೆ, ಒಂದು ಚಾನೆಲ್‌ನಲ್ಲಿ ಒಂದು ಸಾಧನ ಮಾತಾಡುವಾಗ ಬೇರೆಯವು ಕಾಯಬೇಕು. 5 ಗಿಗಾಹರ್ಟ್ಸ್‌ನಲ್ಲಿ ಸಂದಣಿ ಕಡಿಮೆ, ಆದರೆ ಅದು ಗೋಡೆ ದಾಟಲು ಸೋಲುತ್ತದೆ. ರೌಟರ್ ಇರುವ ಕೋಣೆಯಲ್ಲೇ ಕೂರುವುದಾದರೆ 5 ಒಳ್ಳೆಯದು. 2.4 ಬಳಸಲೇಬೇಕಾದರೆ ರೌಟರಿನಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಆರಿಸಿ, ಇವು ಒಂದರ ಮೇಲೊಂದು ಬೀಳುವುದಿಲ್ಲ.

ಯುಎಸ್‌ಬಿ ಅಡಾಪ್ಟರ್. ಹೊರಗಿನಿಂದ ಚುಚ್ಚುವ ಪುಟ್ಟ ವೈಫೈ ಅಡಾಪ್ಟರ್ ಬಳಸುತ್ತಿದ್ದರೆ, ಪಕ್ಕದ ಯುಎಸ್‌ಬಿ 3.0 ಕಿಂಡಿಯಲ್ಲಿ ಹಾರ್ಡ್ ಡಿಸ್ಕ್ ಇದೆಯೇ ನೋಡಿ. ಯುಎಸ್‌ಬಿ 3.0 ಸಾಧನಗಳಿಂದ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡಿಯಾಗುತ್ತದೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರಿಸಿದೆ. ಒಂದು ಸಣ್ಣ ಎಕ್ಸ್‌ಟೆನ್ಷನ್ ವೈರ್ ಹಾಕಿ ಅಡಾಪ್ಟರನ್ನು ದೂರ ಸರಿಸಿ.

ಡ್ರೈವರ್. ವಿಂಡೋಸ್ ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರಿನ ಹಳೆಯ ಡ್ರೈವರಿಗೆ ಮರಳುವ 'ರೋಲ್ ಬ್ಯಾಕ್' ಆಯ್ಕೆ ಇದೆ. ಹೊಸದು ಬೇಕಿದ್ದರೆ ಲ್ಯಾಪ್‌ಟಾಪ್ ತಯಾರಕರ ಅಧಿಕೃತ ತಾಣದಿಂದ ಮಾತ್ರ ತೆಗೆದುಕೊಳ್ಳಿ.

ರೌಟರಿನಿಂದ ಆಚೆ ತಡವಾದರೆ

ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಇಕ್ಕಟ್ಟಾದ ರಸ್ತೆಯಲ್ಲಿ ಸಾಲುಗಟ್ಟಿದರೆ ಹಿಂದಿನ ಸೈಕಲ್ ಸವಾರನೂ ಕಾಯಬೇಕಲ್ಲವೇ? ಮನೆಯ ಯಾವುದೋ ಮೊಬೈಲ್ ಮದುವೆಯ ವಿಡಿಯೋಗಳನ್ನು ಬ್ಯಾಕಪ್‌ಗೆ ಕಳಿಸುತ್ತಿದ್ದರೆ ಹೀಗೇ ಆಗುತ್ತದೆ. ಅಪ್‌ಲೋಡ್ ದಾರಿ ತುಂಬಿ, ನಿಮ್ಮ ಮಾತಿನ ಸಣ್ಣ ತುಣುಕುಗಳು ಅದರ ಹಿಂದೆ ಸಾಲಿನಲ್ಲಿ ನಿಲ್ಲುತ್ತವೆ. ಇದಕ್ಕೆ 'ಬಫರ್‌ಬ್ಲೋಟ್' ಎಂಬ ಹೆಸರಿದೆ. ಕರೆಯ ಹೊತ್ತಿಗೆ ಬ್ಯಾಕಪ್ ನಿಲ್ಲಿಸುವುದು ಸುಲಭದ ಪರಿಹಾರ. ಕೆಲವು ರೌಟರ್‌ಗಳಲ್ಲಿ 'ಎಸ್‌ಕ್ಯೂಎಂ' ಅಥವಾ 'ಕ್ಯೂಒಎಸ್' ಎಂಬ ಆಯ್ಕೆ ಇದ್ದು, ಅದು ಈ ಸಾಲನ್ನು ಅಂಕೆಯಲ್ಲಿಡುತ್ತದೆ.

ಎಲ್ಲ ಸಾಧನಗಳನ್ನು ತೆಗೆದು, ರೌಟರಿಗೆ ವೈರ್‌ನಿಂದಲೇ ಲ್ಯಾಪ್‌ಟಾಪ್ ಜೋಡಿಸಿದರೂ ಹೊರಗಿನ ಪಿಂಗ್ ಹೆಚ್ಚೇ ಇದ್ದರೆ ಆಗ ನೆಟ್ ಕೊಟ್ಟವರಿಗೆ ಫೋನ್ ಮಾಡಿ. "ನೆಟ್ ಸ್ಲೋ ಐತಿ" ಎನ್ನುವುದಕ್ಕಿಂತ "ರೌಟರಿಗೆ ಇಷ್ಟು, ಹೊರಗೆ ಇಷ್ಟು" ಎಂದು ಅಂಕಿ ಹೇಳಿದರೆ ದೂರಿಗೆ ಬಲ ಬರುತ್ತದೆ.

ಫಾರ್ವರ್ಡ್‌ಗಳಲ್ಲಿ ಎಷ್ಟು ಸತ್ಯ?

"ರೌಟರ್ ಹಿಂದೆ ಅಲ್ಯೂಮಿನಿಯಂ ಹಾಳೆ ಇಡಿ." ಅರ್ಧ ಸತ್ಯ. ಲೋಹ ಅಲೆಯನ್ನು ತಿರುಗಿಸುವುದು ನಿಜ. ಲೆಕ್ಕ ಹಾಕಿ ಇಟ್ಟರೆ ಒಂದು ದಿಕ್ಕಿಗೆ ಲಾಭ, ಇನ್ನೊಂದು ಕೋಣೆಗೆ ನಷ್ಟ. ಅಂದಾಜಿನಲ್ಲಿ ಇಟ್ಟರೆ ನಿಮ್ಮ ಕೋಣೆಗೇ ಕತ್ತಲು. ತೂಕಡಿಸುವ ಅಡಾಪ್ಟರಿಗೆ, ತುಂಬಿದ ಅಪ್‌ಲೋಡಿಗೆ ಇದು ಮದ್ದಲ್ಲ.

"ಡಿಎನ್‌ಎಸ್ ಬದಲಿಸಿದರೆ ಪಿಂಗ್ ಇಳಿಯುತ್ತದೆ." ತಪ್ಪು ತಿಳಿವಳಿಕೆ. ಡಿಎನ್‌ಎಸ್ ಎಂದರೆ ಹೆಸರಿನಿಂದ ವಿಳಾಸ ಹುಡುಕಿಕೊಡುವ ಪುಸ್ತಕ. ಪುಟ ಮೊದಲು ತೆರೆಯುವಾಗ ಸ್ವಲ್ಪ ವ್ಯತ್ಯಾಸವಾಗಬಹುದು, ಆದರೆ ಕರೆ ಶುರುವಾದ ಮೇಲೆ ಅದರ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ.

"ವಿಂಡೋಸ್ ನಿಮ್ಮ ನೆಟ್‌ನ 20% ಬಚ್ಚಿಟ್ಟುಕೊಳ್ಳುತ್ತದೆ." ಸುಳ್ಳು. ಇದು ವಿಂಡೋಸ್ ಎಕ್ಸ್‌ಪಿ ಕಾಲದಿಂದ ಸುತ್ತುತ್ತಿದೆ, ಮೈಕ್ರೋಸಾಫ್ಟ್ ಆಗಲೇ ಅಲ್ಲಗಳೆದಿದೆ. ಆದ್ಯತೆ ಬೇಡುವ ಪ್ರೋಗ್ರಾಂ ಇಲ್ಲದಿದ್ದಾಗ ಪೂರ್ತಿ ಸಾಮರ್ಥ್ಯ ಎಲ್ಲರಿಗೂ ಸಿಗುತ್ತದೆ.

"ಈ ಲಿಂಕ್‌ನಿಂದ ಬೂಸ್ಟರ್ ಆ್ಯಪ್ ಹಾಕಿಕೊಳ್ಳಿ." ಅಪಾಯ. ಗೋಡೆಯನ್ನು ತೆಳುವಾಗಿಸುವ ಆ್ಯಪ್ ಯಾವುದೂ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಕಡತ ನಿಮ್ಮ ಎಸ್‌ಎಂಎಸ್ ಓದುವ ಅನುಮತಿ ಪಡೆದರೆ ಬ್ಯಾಂಕಿನ ಒಟಿಪಿ ಕೂಡ ಅದರ ಕೈಗೆ ಹೋಗುತ್ತದೆ. ಹಣ ಹೋಗಿದೆ ಎಂದು ತಿಳಿದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆ ಮನೆಯಲ್ಲಿ ಏನಾಯಿತು?

ರೌಟರ್ ಪಕ್ಕ, ಬ್ಯಾಟರಿಯಲ್ಲಿ ಪಿಂಗ್ ಮಾಡಿಸಿದಾಗ ಅಂಕಿ 100ರ ಆಸುಪಾಸಿಗೆ ಜಿಗಿಯುತ್ತಿತ್ತು. ಚಾರ್ಜರ್ ಹಾಕಿದಾಗ 4ಕ್ಕೆ ಇಳಿಯಿತು. ಅದೇ ಚಾರ್ಜರ್ ಒಳಕೋಣೆಯಲ್ಲಿ ಹಾಕಿದರೆ ಮತ್ತೆ 60, 90. ನಡುವಿನ ಕಲ್ಲಿನ ಗೋಡೆ ತನ್ನ ಪಾಲು ತೆಗೆದುಕೊಳ್ಳುತ್ತಿತ್ತು. ಪಡಸಾಲೆಗೆ ಬಂದು ಕೂತರೂ ಹೊರಗಿನ ಪಿಂಗ್ ಆಗೊಮ್ಮೆ ಈಗೊಮ್ಮೆ 400 ದಾಟುತ್ತಿತ್ತು. ತಮ್ಮನ ಮೊಬೈಲಿನ ಫೋಟೊ ಬ್ಯಾಕಪ್ ನಿಲ್ಲಿಸಿದ ಮೇಲೆ ಅದೂ ಸರಿಹೋಯಿತು. ಖರ್ಚು ಒಂದು ರೂಪಾಯಿಯೂ ಇಲ್ಲ, ಕಳಿಸಿದ ಮೂರು ಫಾರ್ವರ್ಡ್‌ಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

ಸಂದರ್ಶನದ ದಿನ ಮನೆಯವರು ಟಿವಿ ಆರಿಸಿ ಪಡಸಾಲೆಯನ್ನು ಅವಳಿಗೆ ಬಿಟ್ಟುಕೊಟ್ಟರು. ಫಲಿತಾಂಶ ಇನ್ನೂ ಬಂದಿಲ್ಲ. "ಪಾಸ್ ಆಗೋದು ಬಿಡೋದು ಆಕಿ ಕೈಯಾಗ. ಮಾತಂತೂ ಒಂದೂ ತಡಾ ಆಗಲಿಲ್ರೀ" ಎಂದು ತಂದೆ ಸಂದೇಶ ಕಳಿಸಿದ್ದಾರೆ.

ಹಂಚಿಕೊಳ್ಳುವವರಿಗೆ ನಾಲ್ಕೇ ಸಾಲು: ಕಡ್ಡಿಯನ್ನೂ ಎಂಬಿಪಿಎಸ್ ಅನ್ನೂ ನೋಡಿ ತೀರ್ಮಾನಿಸಬೇಡಿ. ಮೊದಲು ರೌಟರಿಗೆ, ಆಮೇಲೆ ಹೊರಗೆ ಪಿಂಗ್ ಮಾಡಿ. ಮುಖ್ಯವಾದ ಕರೆಗೆ ಚಾರ್ಜರ್ ಹಾಕಿ, ರೌಟರ್ ಇರುವ ಕೋಣೆಯಲ್ಲಿ ಕೂತು, ಬ್ಯಾಕಪ್ ನಿಲ್ಲಿಸಿ. ಲಿಂಕ್‌ನಲ್ಲಿ ಬಂದ ಬೂಸ್ಟರ್ ಆ್ಯಪ್ ಹಾಕಿಕೊಳ್ಳಲೇಬೇಡಿ.