ಡಚ್ ಮೇಜಿನ ಮೇಲೊಂದು ಮೆಣಸಿನ ಪೊಟ್ಟಣ

ಹಾಲೆಂಡಿನ ಹಾರ್ಲೆಮ್ ನಗರದ ಕಲಾವಿದ ವಿಲೆಮ್ ಕ್ಲಾಸ್ ಹೇಡಾ 1635ರಲ್ಲಿ ರಚಿಸಿದ 'ಚಿನ್ನದ ಲೇಪದ ಪಾನಪಾತ್ರೆಯುಳ್ಳ ಸ್ಥಿರಚಿತ್ರ' ಇಂದು ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿದೆ. 88 ಸೆಂ.ಮೀ. ಎತ್ತರ ಹಾಗೂ 113 ಸೆಂ.ಮೀ. ಅಗಲದ ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ಬಿಡಿಸಿದ ಈ ಕೃತಿಯನ್ನು ಬರೋಕ್ ಯುಗದ ಊಟದ ಮೇಜಿನ ಚಿತ್ರಗಳಲ್ಲಿ ಅತ್ಯುತ್ತಮವಾದವುಗಳ ಸಾಲಿನಲ್ಲಿ ಎಣಿಸಲಾಗುತ್ತದೆ. ಇದರಲ್ಲಿರುವ ಒಂದು ಚಿಕ್ಕ ವಸ್ತು ಮಾತ್ರ ಕುಂದಾಪುರ ಸೀಮೆಯವರಿಗೆ ಬೇರೆಯೇ ಕಾರಣಕ್ಕೆ ಗಮನಾರ್ಹ: ಕಾಗದವನ್ನು ಸುರುಳಿ ಸುತ್ತಿ ಮಾಡಿದ ಕಾಳುಮೆಣಸಿನ ಪೊಟ್ಟಣ.

ಚಿತ್ರದಲ್ಲಿ ಮನುಷ್ಯರಿಲ್ಲ. ಯಾರೋ ಉಂಡು ಅರ್ಧಕ್ಕೇ ಎದ್ದುಹೋದಂತಿದೆ. ಬಿಳಿಯ ಹಾಸುಬಟ್ಟೆ ಒಂದು ಬದಿಗೆ ಸರಿದಿದೆ. ಬೆಳ್ಳಿಯ ಬಟ್ಟಲೊಂದು ಮಗುಚಿ ಬಿದ್ದಿದೆ. ತವರದ ತಟ್ಟೆಗಳಲ್ಲಿ ಸಿಂಪಿಗಳು, ಅರ್ಧ ಸಿಪ್ಪೆ ಸುಲಿದ ನಿಂಬೆ. ಪಕ್ಕದಲ್ಲಿ ಹಸಿರು ಗಾಜಿನ ಮದ್ಯಪಾತ್ರೆ, ವಿನೆಗರ್ ತುಂಬಿದ ಗಾಜಿನ ಹೂಜಿ, ಬ್ರೆಡ್ಡು. ಇಷ್ಟೆಲ್ಲವನ್ನೂ ಹೇಡಾ ಬೂದು, ಕಂದು, ಮಾಸಲು ಹಸಿರು ಎಂಬ ಕೆಲವೇ ವರ್ಣಗಳಲ್ಲಿ ಸಾಧಿಸಿದ್ದಾನೆ. ಗಾಜಿನ ಮೇಲೆ ಕಾಣುವ ಕಿಟಕಿಯ ಪ್ರತಿಬಿಂಬದಿಂದ ಬೆಳಕು ಎತ್ತಣಿಂದ ಬರುತ್ತಿದೆಯೆಂಬುದು ತಿಳಿಯುತ್ತದೆ. ನಮ್ಮಲ್ಲಿ ಡ್ರಾಯಿಂಗ್ ಪರೀಕ್ಷೆಗೆ ತಂಬಿಗೆ, ಹಣ್ಣು, ಬಟ್ಟೆಯನ್ನು ಎದುರಿಗಿಟ್ಟುಕೊಂಡು ವಸ್ತುಚಿತ್ರ ಬಿಡಿಸಿ ಬೇಸತ್ತವರು ಈ ಚಿತ್ರವನ್ನೊಮ್ಮೆ ನೋಡಬೇಕು. ಲೋಹ, ಗಾಜು, ಬಟ್ಟೆ, ಚಿಪ್ಪು ಇವುಗಳಲ್ಲಿ ಪ್ರತಿಯೊಂದೂ ಬೆಳಕನ್ನು ತನ್ನದೇ ರೀತಿಯಲ್ಲಿ ಹಿಂದಿರುಗಿಸುತ್ತದೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಗುರು ವಿರಳ.

ಮೆಣಸಿನ ಪೊಟ್ಟಣ ಹೇಡಾನ ಸ್ವಂತ ಕಲ್ಪನೆಯೇನಲ್ಲ. ಅದೇ ಊರಿನಲ್ಲಿದ್ದ ಪೀಟರ್ ಕ್ಲಾಸ್ 1627ರಲ್ಲಿ ಬಿಡಿಸಿದ ಟರ್ಕಿ ಕೋಳಿಯ ಕಡುಬಿನ ಚಿತ್ರದಲ್ಲಿಯೂ ಅದು ಉಂಟು. ಜೊತೆಗೆ ಚೀನಾದ ಪಿಂಗಾಣಿ ತಟ್ಟೆ, ಪೂರ್ವಸಮುದ್ರದ ನಾಟಿಲಸ್ ಶಂಖದಿಂದ ಮಾಡಿದ ಪಾನಪಾತ್ರೆ. ಹಾರ್ಲೆಮ್ ಕಲಾವಿದರ ಇಂಥ ಚಿತ್ರಗಳಲ್ಲಿ ಪೊಟ್ಟಣದ ಕಾಗದ ಹಲವು ಬಾರಿ ಅಚ್ಚಾದ ಪಂಚಾಂಗದ ಹಾಳೆಯಾಗಿರುತ್ತದೆ. ಕಳೆದ ವರ್ಷದ ಪಂಚಾಂಗವನ್ನು ಹರಿದು ಸಾಮಾನು ಕಟ್ಟಿಕೊಡುವ ಪದ್ಧತಿ ನಮ್ಮ ಹಳೆಯ ಜಿನಸಿನಂಗಡಿಗಳನ್ನು ಕಂಡವರಿಗೆ ಪರಕೀಯವೆನಿಸದು. ಬೆಳ್ಳಿಬಂಗಾರದ ನಡುವೆ ರದ್ದಿ ಕಾಗದದಲ್ಲಿ ಕುಳಿತ ಮೆಣಸು ಆ ಮೇಜಿನ ಮೇಲೆ ಅತ್ಯಂತ ದೂರದಿಂದ ಬಂದ ವಸ್ತುಗಳಲ್ಲೊಂದು.

ಬಸ್ರೂರು ದಾರಿ

ಆ ಕಾಲದಲ್ಲಿ ವಾರಾಹಿ ನದಿಯ ದಂಡೆಯ ಬಸ್ರೂರು ಪಶ್ಚಿಮ ಕರಾವಳಿಯ ಪ್ರಮುಖ ಬಂದರುಗಳಲ್ಲಿ ಒಂದಾಗಿತ್ತು. ಪೋರ್ಚುಗೀಸರು ಇದನ್ನು ಬಾರ್ಸಲೋರ್ ಎಂದು ಕರೆದು 1569ರಲ್ಲಿ ಕೋಟೆ ಕಟ್ಟಿಕೊಂಡಿದ್ದರು. ಇಲ್ಲಿಂದ ಮುಖ್ಯವಾಗಿ ಸಾಗುತ್ತಿದ್ದುದು ಅಕ್ಕಿ; ಗೋವೆಯ ಅನ್ನ ಬಹುಮಟ್ಟಿಗೆ ಕನ್ನಡ ಕರಾವಳಿಯ ಅಕ್ಕಿಯನ್ನು ಅವಲಂಬಿಸಿತ್ತು, ಮಸ್ಕತ್‌ಗೂ ಅದು ಹೋಗುತ್ತಿತ್ತು. ಘಟ್ಟದ ಮೇಲಿನ ಕೆಳದಿ ಸಂಸ್ಥಾನದ ತೋಟಗಳಲ್ಲಿ ಬೆಳೆದ ಕಾಳುಮೆಣಸು ಇಳಿದು ಬಂದು ಬಸ್ರೂರು, ಹೊನ್ನಾವರ, ಮಂಗಳೂರು ಬಂದರುಗಳಿಂದ ಗೋವೆಗೆ, ಅಲ್ಲಿಂದ ಲಿಸ್ಬನ್‌ಗೆ ಸಾಗುತ್ತಿತ್ತು. ಹದಿನೇಳನೆಯ ಶತಮಾನದ ಮೊದಲ ದಶಕಗಳಲ್ಲಿ ಪೋರ್ಚುಗೀಸರು ಕೊಳ್ಳುತ್ತಿದ್ದ ಮೆಣಸಿನ ದೊಡ್ಡ ಪಾಲು ಈ ಕರಾವಳಿಯದೇ. ಮೆಣಸಿನ ವ್ಯವಹಾರಕ್ಕಾಗಿಯೇ ಗೋವೆಯಿಂದ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ರಾಯಭಾರಿಯ ಜೊತೆಗೂಡಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ 1623ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ್ದಾನೆ.

ಹಾಗೆಂದು ಹೇಡಾನ ಪೊಟ್ಟಣದಲ್ಲಿರುವುದು ಬಸ್ರೂರಿನ ಮೆಣಸೇ ಎಂದು ಹೆಮ್ಮೆಪಡುವುದು ಆತುರವಾದೀತು. 1602ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯಾ ಕಂಪನಿ ಮೆಣಸನ್ನು ಹೆಚ್ಚಾಗಿ ಜಾವಾದ ಬಾಂಟೆನ್ ಮತ್ತು ಸುಮಾತ್ರಾಗಳಿಂದ ತರುತ್ತಿತ್ತು. ನಮ್ಮ ಮೆಣಸು ಅವರ ಶತ್ರುವಿನ ಹಡಗಿನಲ್ಲಿತ್ತು. ಚಿತ್ರದ ಮರುವರ್ಷವೇ, ಅಂದರೆ 1636ರಿಂದ, ಡಚ್ ಹಡಗುಗಳು ವರ್ಷವರ್ಷವೂ ಗೋವೆಯ ಬಂದರಿಗೆ ದಿಗ್ಬಂಧನ ಹಾಕತೊಡಗಿದವು. ಲಿಸ್ಬನ್‌ನ ಮೆಣಸಿನ ದಾರಿಯನ್ನು ಕಡಿಯುವುದೂ ಅದರ ಉದ್ದೇಶವಾಗಿತ್ತು. ಹೇಡಾನ ಮೇಜಿನ ಶಾಂತಿಯ ಬೆನ್ನಿಗೆ ಇಂಥದೊಂದು ಯುದ್ಧವಿತ್ತೆಂಬುದನ್ನು ಚಿತ್ರ ಹೇಳುವುದಿಲ್ಲ. ಬಳ್ಳಿ ಹಬ್ಬಿಸಿದವನ, ಮೂಟೆ ಹೊತ್ತು ಘಟ್ಟ ಇಳಿದವನ ಸುಳಿವೂ ಅಲ್ಲಿಲ್ಲ.

ಕೆಳದಿಯ ಶಿವಪ್ಪ ನಾಯಕನು 1650ರ ದಶಕದ ಮೊದಲಾರ್ಧದಲ್ಲಿ ಬಸ್ರೂರು, ಗಂಗೊಳ್ಳಿ, ಹೊನ್ನಾವರಗಳ ಕೋಟೆಗಳಿಂದ ಪೋರ್ಚುಗೀಸರನ್ನು ಹೊರದಬ್ಬಿದನು. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸ್ರೂರನ್ನು ಸೂರೆಗೊಂಡನು. ಡಚ್ಚರು ಇಲ್ಲಿ ವ್ಯಾಪಾರದ ಕೋಠಿ ನಡೆಸಿದ್ದು ಅನಂತರ. ಅದೂ ಬಹುಮಟ್ಟಿಗೆ ಮಲಬಾರಿನಲ್ಲಿದ್ದ ತಮ್ಮ ಕೋಟೆಗಳ ಸೈನಿಕರಿಗೆ ಅಕ್ಕಿ ಒದಗಿಸುವುದಕ್ಕಾಗಿ. ಹೇಡಾ 1680ರವರೆಗೆ ಬದುಕಿದ್ದನು.

ಮೆಣಸಿನ ಹೆಸರಿನ ಕುರಿತು ಒಂದು ಮಾತು. ಅಮೆರಿಕದಿಂದ ಪೋರ್ಚುಗೀಸರ ಕೈಯಲ್ಲಿ ಬಂದ ಮೆಣಸಿನಕಾಯಿ ನಮ್ಮ ಮೂಲ ಮೆಣಸಿನ ಹೆಸರನ್ನೇ ಕಸಿದುಕೊಂಡಿತು. ಹಳೆಯದು ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹಚ್ಚಿಕೊಳ್ಳಬೇಕಾಯಿತು.

ರೈಕ್ಸ್ ಮ್ಯೂಸಿಯಂ ಈ ಚಿತ್ರದ ಸ್ಪಷ್ಟ ಪ್ರತಿಯನ್ನು ತನ್ನ ಅಂತರಜಾಲ ತಾಣದಲ್ಲಿ ಉಚಿತವಾಗಿ ಒದಗಿಸಿದೆ. ಹಿಗ್ಗಿಸಿ ನೋಡಿದರೆ ಪೊಟ್ಟಣದ ಮಡಿಕೆಗಳೂ ಕಾಣುತ್ತವೆ.